ಶಾರ್ಪ್ ಬೇಕಾದ್ರೆ ಎಫ್/8 ಇಟ್ರೆ ಸಾಕಾ?

(ಫೋಟೋಗ್ರಫಿ ಕಲೀತಿರೋರ ಮುಂದೆ ಮಾತಾಡಿದ್ದನ್ನ ಬರಹಕ್ಕೆ ಇಳಿಸಿದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಸ್ಕ್ರೀನ್ ಮೇಲೆ ತೋರಿಸ್ತಾ ಹೇಳಿದ್ದನ್ನ ಮಾತ್ರ ಓದೋರಿಗೆ ಗೊತ್ತಾಗ್ಲಿ ಅಂತ ಸ್ವಲ್ಪ ಬಿಡಿಸಿ ಬರ್ದಿದೀನಿ.)

ಎಲ್ರಿಗೂ ನಮಸ್ಕಾರ. ಕ್ಯಾಮೆರಾ ಕೈಗೆ ಬಂದ ಸ್ವಲ್ಪ ದಿನಕ್ಕೇ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಶಾರ್ಪ್ ಬೇಕಾದ್ರೆ ಎಫ್/8 ಇಡು ಅಂತ. ಇನ್ನೊಬ್ರು ಎಫ್/11 ದಾಟ್ಬೇಡ ಅಂತಾರೆ, ಮತ್ತೊಬ್ರು ಲೆನ್ಸ್‌ನ ಪೂರ್ತಿ ಓಪನ್ ಇಟ್ಟು ಹೊಡೀಲೇಬಾರ್ದು ಅಂತಾರೆ. ಮೂರರಲ್ಲೂ ಸತ್ಯ ಇದೆ, ಆದ್ರೆ ಯಾಕೆ ಅಂತ ಗೊತ್ತಿಲ್ದೆ ನಂಬರ್ ಮಾತ್ರ ಬಾಯಿಪಾಠ ಮಾಡ್ಕೊಂಡ್ರೆ ಅದು ಬೇಕಾದ ಕಡೆ ಕೈಕೊಡುತ್ತೆ. ನಾನು ಇವತ್ತು ಹೇಳ್ಬೇಕು ಅಂದ್ಕೊಂಡಿರೋದು ಏನಂದ್ರೆ, ಒಂದು ಫೋಟೋ ಮಸುಕಾಗೋಕೆ ನಾಲ್ಕೈದು ಕಾರಣ ಇರ್ತವೆ, ಅವೆಲ್ಲ ಒಂದ್ರ ಮೇಲೊಂದು ಕೂತ್ಕೊಳ್ತವೆ, ಅವುಗಳಲ್ಲಿ ಯಾವ್ದು ದೊಡ್ಡದೋ ಅದೇ ನಮ್ಮ ಕಣ್ಣಿಗೆ ಬೀಳೋದು. ಅಪರ್ಚರ್, ಅಂದ್ರೆ ಲೆನ್ಸ್ ಒಳಗೆ ಬೆಳಕು ಹಾದುಬರೋ ಕಿಂಡಿ, ಬದಲಾಯಿಸಿದಾಗ ಇವುಗಳಲ್ಲಿ ಕೆಲವು ಕಮ್ಮಿ ಆಗ್ತವೆ, ಕೆಲವು ಜಾಸ್ತಿ ಆಗ್ತವೆ. ಹಾಗಾಗಿ ಕೇಳ್ಕೋಬೇಕಾದ ಪ್ರಶ್ನೆ, ಈಗ ಎದುರಿಗಿರೋ ಈ ಫ್ರೇಮ್‌ನಲ್ಲಿ ದೊಡ್ಡ ಮಸುಕು ಎಲ್ಲಿಂದ ಬರ್ತಿದೆ ಅನ್ನೋದು.

ಮೊದ್ಲು ನಂಬರ್ ವಿಷಯ ಬೇಗ ಮುಗಿಸಿಬಿಡ್ತೀನಿ. ಎಫ್/8 ಅಂದ್ರೆ ಲೆನ್ಸ್‌ನ ಫೋಕಲ್ ಲೆಂತ್‌ನ (ಲೆನ್ಸ್ ಮೇಲೆ 50 ಮಿ.ಮೀ. ಅಂತೆಲ್ಲ ಬರೆದಿರುತ್ತಲ್ಲ, ಅದು) 8ರಿಂದ ಭಾಗಿಸಿದ್ರೆ ಎಷ್ಟು ಬರುತ್ತೋ ಅಷ್ಟು ಅಗಲದ ಕಿಂಡಿ, ಲೆನ್ಸ್ ಮುಂದಿಂದ ನೋಡಿದಾಗ ಕಾಣೋ ಅಗಲ. 50 ಮಿ.ಮೀ. ಲೆನ್ಸಲ್ಲಿ ಎಫ್/2 ಅಂದ್ರೆ 25 ಮಿ.ಮೀ., ಎಫ್/8 ಅಂದ್ರೆ ಆರೂಕಾಲು ಮಿ.ಮೀ. ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು ಅಂತ ಹೊಸಬರು ಗಲಿಬಿಲಿ ಆಗೋದು ಇದಕ್ಕೇ. 2, 2.8, 4, 5.6, 8, 11, 16, 22, ಇದ್ರಲ್ಲಿ ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧ ಆಗುತ್ತೆ, ಎರಡು ಮೆಟ್ಟಿಲು ಇಳಿದ್ರೆ ಕಿಂಡಿಯ ಅಗಲ ಅರ್ಧ ಆಗುತ್ತೆ. ಈ ಮೆಟ್ಟಿಲಿಗೇ ಸ್ಟಾಪ್ ಅಂತಾರೆ. ಎರಡು ಸ್ಟಾಪ್‌ಗೆ ಅಗಲ ಅರ್ಧ, ಇದೊಂದನ್ನ ತಲೇಲಿ ಇಟ್ಕೊಂಡಿರಿ, ಮುಂದೆ ಬೇಕಾಗುತ್ತೆ.

ಈಗ ಲೆನ್ಸ್‌ಗೆ ಬರೋಣ. ಲೆನ್ಸ್‌ನ ಗಾಜುಗಳನ್ನ ಸಾಮಾನ್ಯವಾಗಿ ಗೋಳದ ಆಕಾರದಲ್ಲಿ ಉಜ್ಜಿರ್ತಾರೆ, ಯಾಕಂದ್ರೆ ಆ ಆಕಾರ ಉಜ್ಜೋದು ಸುಲಭ. ಆದ್ರೆ ಗೋಳದ ಮೇಲ್ಮೈ ಬೆಳಕನ್ನ ಸರಿಯಾಗಿ ಒಂದೇ ಬಿಂದುವಿಗೆ ತರಲ್ಲ. ನಡುವಿಂದ ಹಾದುಹೋದ ಕಿರಣ ಒಂದು ಕಡೆ ಸೇರುತ್ತೆ, ಅಂಚಿಂದ ಹಾದುಹೋದದ್ದು ಸ್ವಲ್ಪ ಮುಂಚೆನೇ ಸೇರಿಬಿಡುತ್ತೆ. ಇದೇ ಸ್ಫೆರಿಕಲ್ ಅಬರೇಶನ್. ಇಂಥ ದೋಷಗಳನ್ನ ಲೆಕ್ಕ ಹಾಕಿ ಐದು ಬಗೆ ಅಂತ ವಿಂಗಡಿಸಿದವರು ಜರ್ಮನಿಯ ಲುಡ್ವಿಗ್ ಸೈಡೆಲ್, 1857ರಲ್ಲಿ. ಸ್ಫೆರಿಕಲ್, ಕೋಮಾ, ಆಸ್ಟಿಗ್ಮ್ಯಾಟಿಸಮ್, ಫೀಲ್ಡ್ ಕರ್ವೇಚರ್, ಡಿಸ್ಟಾರ್ಶನ್. ಬಣ್ಣಗಳು ಬೇರೆಬೇರೆ ಕಡೆ ಫೋಕಸ್ ಆಗೋ ಕ್ರೋಮ್ಯಾಟಿಕ್ ಅಬರೇಶನ್ ಇವುಗಳ ಹೊರಗೆ ಬೇರೆ.

ಹೆಸರು ನೆನಪಿಲ್ದಿದ್ರೂ ಪರವಾಗಿಲ್ಲ, ಇವು ಅಪರ್ಚರ್‌ಗೆ ಹೇಗೆ ಬಗ್ಗುತ್ತವೆ ಅನ್ನೋದು ಗೊತ್ತಿರ್ಲಿ, ಫೋಟೋ ತೆಗೆಯೋರಿಗೆ ಉಪಯೋಗಕ್ಕೆ ಬರೋದು ಅದು. ಸೈಡೆಲ್ ಲೆಕ್ಕದ ಪ್ರಕಾರ ಸ್ಫೆರಿಕಲ್ ಅಬರೇಶನ್‌ನ ಮಸುಕು ಕಿಂಡಿಯ ಅಗಲದ ಘನಕ್ಕೆ ತಕ್ಕ ಹಾಗೆ ಬದಲಾಗುತ್ತೆ, ಅಂದ್ರೆ ಎರಡು ಸ್ಟಾಪ್ ಮುಚ್ಚಿ ಅಗಲ ಅರ್ಧ ಮಾಡಿದ್ರೆ ಮಸುಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಕೋಮಾ ನಾಲ್ಕನೇ ಒಂದು ಭಾಗಕ್ಕೆ. ಆಸ್ಟಿಗ್ಮ್ಯಾಟಿಸಮ್ ಮತ್ತೆ ಫೀಲ್ಡ್ ಕರ್ವೇಚರ್‌ದು ಬರೀ ಅರ್ಧಕ್ಕೆ. ಡಿಸ್ಟಾರ್ಶನ್ ಮತ್ತೆ ಮೂಲೆಗಳಲ್ಲಿ ಗೆರೆಯ ಒಂದು ಕಡೆ ಕೆಂಪು ಇನ್ನೊಂದು ಕಡೆ ಹಸಿರುನೀಲಿ ಅಂಚು ಬರುತ್ತಲ್ಲ, ಆ ಲ್ಯಾಟರಲ್ ಬಣ್ಣದ ದೋಷ, ಇವೆರಡೂ ಅಪರ್ಚರ್‌ನಿಂದ ಚೂರೂ ಕಮ್ಮಿ ಆಗಲ್ಲ, ಅವನ್ನ ಸಾಫ್ಟ್‌ವೇರಲ್ಲೇ ಸರಿ ಮಾಡ್ಬೇಕು. ಅಸಲಿ ಲೆನ್ಸ್‌ಗಳಲ್ಲಿ ಹಲವು ಗಾಜು ಇರ್ತವೆ, ಲೆಕ್ಕ ಇಷ್ಟು ನೇರ ಇರಲ್ಲ, ಆದ್ರೂ ಒಟ್ಟು ದಿಕ್ಕು ಇದೇ.

ಇದನ್ನ ಇಟ್ಕೊಂಡು ನೋಡಿದ್ರೆ ಒಂದು ವಿಷಯ ತಾನಾಗೇ ಬಿಡಿಸ್ಕೊಳ್ಳುತ್ತೆ. ಫ್ರೇಮ್‌ನ ನಡುಮಧ್ಯದಲ್ಲಿ ತೊಂದರೆ ಕೊಡೋದು ಮುಖ್ಯವಾಗಿ ಸ್ಫೆರಿಕಲ್ ಅಬರೇಶನ್ನು, ಅದು ಬೇಗ ಸಾಯುತ್ತೆ. ಕೋಮಾ, ಆಸ್ಟಿಗ್ಮ್ಯಾಟಿಸಮ್, ಕರ್ವೇಚರ್ ಎಲ್ಲ ನಡುವಿಂದ ಹೊರಗೆ ಹೋದ ಹಾಗೆ ಹೆಚ್ಚಾಗೋವು, ಅವು ನಿಧಾನಕ್ಕೆ ಇಳಿಯೋವು. ಹಾಗಾಗಿ ಒಂದೇ ಲೆನ್ಸಲ್ಲಿ ನಡುಭಾಗ ಎಫ್/4ಕ್ಕೇ ತುತ್ತತುದಿಗೆ ಹೋಗಿ ನಿಂತಿರುತ್ತೆ, ಮೂಲೆಗಳು ಎಫ್/8ರ ತನಕ ಸುಧಾರಿಸ್ತಾನೇ ಇರ್ತವೆ. "ಈ ಲೆನ್ಸ್‌ನ ಸ್ವೀಟ್ ಸ್ಪಾಟ್ ಯಾವ್ದು" ಅಂತ ಕೇಳ್ತಾರಲ್ಲ, ಅಂದ್ರೆ ಅತಿ ಶಾರ್ಪ್ ಬರೋ ಅಪರ್ಚರ್ ಯಾವ್ದು ಅಂತ, ಫ್ರೇಮ್‌ನ ಯಾವ ಜಾಗಕ್ಕೆ ಅಂತ ಹೇಳ್ದೆ ಆ ಪ್ರಶ್ನೆಗೆ ಉತ್ತರ ಇಲ್ಲ. ಮುಖ ನಡುವೆ ಇದ್ದು ಮೂಲೇಲಿ ಬರೀ ಮಸುಕು ಗೋಡೆ ಇದ್ರೆ, ಮೂಲೆಗೋಸ್ಕರ ಎಫ್/8ಕ್ಕೆ ಹೋಗೋದು ಬೆಳಕು ದಂಡ.

ಪೂರ್ತಿ ಓಪನ್ ಇಟ್ಟಾಗಿನ ಮಸುಕು ಹೇಗಿರುತ್ತೆ ಅಂತ ಹತ್ತಿರದಿಂದ ನೋಡಿ. ಹಳೇ ಡಿಸೈನ್‌ನ 50 ಎಫ್/1.8 ಲೆನ್ಸಲ್ಲಿ ತೆಗೆದ ಮುಖ ಒಂದನ್ನ ನೂರು ಪರ್ಸೆಂಟ್‌ಗೆ (ಚಿತ್ರದ ಒಂದು ಪಿಕ್ಸೆಲ್‌ಗೆ ಸ್ಕ್ರೀನ್‌ನ ಒಂದು ಪಿಕ್ಸೆಲ್) ಹಿಗ್ಗಿಸಿ ರೆಪ್ಪೆ ಕೂದಲು ನೋಡಿದ್ರೆ, ಕೂದಲಿನ ಗೆರೆ ಇದೆ, ಎಣಿಸಬಹುದು, ಆದ್ರೆ ಅದರ ಸುತ್ತ ತೆಳ್ಳಗೆ ಹಾಲು ಚೆಲ್ಲಿದ ಹಾಗೆ ಒಂದು ಬಿಳಿ ಮಂಜು ಇದೆ, ಕಪ್ಪು ಕೂದಲು ಬೂದು ಆಗಿದೆ. ವಿವರ ಪೂರ್ತಿ ಹೋಗಿರಲ್ಲ, ಕಾಂಟ್ರಾಸ್ಟ್ ಹೋಗಿರುತ್ತೆ. ಅದೇ ಲೆನ್ಸ್‌ನ ಎಫ್/2.8ಕ್ಕೆ ತಂದ್ರೆ ಮಂಜು ಬಹುಪಾಲು ಹೋಗಿ ಕೂದಲು ಕಪ್ಪಾಗುತ್ತೆ, ಎಫ್/4ಕ್ಕೆ ಗೆರೆ ಕೊರೆದ ಹಾಗೆ ಆಗುತ್ತೆ. ಮೊದಲನೇ ಒಂದೂವರೆ ಸ್ಟಾಪಲ್ಲಿ ಸಿಗೋ ಲಾಭ ಆಮೇಲೆ ಯಾವತ್ತೂ ಸಿಗಲ್ಲ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಮಾಡ್ತಿರೋ ದೊಡ್ಡ ಎಫ್/1.2, ಎಫ್/1.4 ಲೆನ್ಸ್‌ಗಳಲ್ಲಿ ಆಸ್ಫೆರಿಕಲ್ (ಗೋಳದ ಆಕಾರ ಅಲ್ಲದ) ಗಾಜು, ಸ್ಪೆಷಲ್ ಗಾಜು ಎಲ್ಲ ಹಾಕಿ ಪೂರ್ತಿ ಓಪನ್‌ನಲ್ಲೇ ಶಾರ್ಪ್ ಬರೋ ಹಾಗೆ ಮಾಡಿರ್ತಾರೆ, ಅದಕ್ಕೇ ಅವು ಅಷ್ಟು ತೂಕ, ಅಷ್ಟು ದುಡ್ಡು. ಅಂಥ ಲೆನ್ಸ್ ತಗೊಂಡು ಎಲ್ಲಾದಕ್ಕೂ ಎಫ್/8 ಇಡ್ತೀನಿ ಅಂದ್ರೆ ಕೊಟ್ಟ ದುಡ್ಡಿನ ಮುಖ್ಯ ಭಾಗನೇ ಉಪಯೋಗಿಸ್ಲಿಲ್ಲ ಅಂತ ಆಯ್ತು.

ಮುಚ್ಚಿದಷ್ಟೂ ದೋಷ ಕಮ್ಮಿ ಆಗೋದಾದ್ರೆ ಎಫ್/22ಕ್ಕೇ ಇಟ್ಟುಬಿಡಬಹುದಲ್ಲ? ಇಲ್ಲಿ ಬೆಳಕಿನ ಸ್ವಭಾವನೇ ಅಡ್ಡ ಬರುತ್ತೆ. ಬೆಳಕು ಅಲೆ. ಅಲೆ ಯಾವುದೇ ಕಿಂಡಿ ದಾಟಿದ್ರೂ ಅಂಚಲ್ಲಿ ಬಾಗಿ ಸ್ವಲ್ಪ ಹರಡ್ಕೊಳ್ಳುತ್ತೆ, ಕಿಂಡಿ ಚಿಕ್ಕದಾದಷ್ಟೂ ಹರಡೋದು ಜಾಸ್ತಿ. ಇದೇ ಡಿಫ್ರಾಕ್ಷನ್, ಶಾಲೆ ಪುಸ್ತಕದಲ್ಲಿ ವಿವರ್ತನೆ ಅಂತ ಓದಿರ್ತೀರ. ಹಾಗಾಗಿ ಒಂದೂ ದೋಷ ಇಲ್ಲದ ಲೆನ್ಸ್ ಕೂಡ ನಕ್ಷತ್ರವನ್ನ ಒಂದು ಬಿಂದು ಆಗಿ ಮೂಡಿಸಲ್ಲ, ಒಂದು ಪುಟ್ಟ ಬೆಳಕಿನ ತಟ್ಟೆಯಾಗಿ ಮೂಡಿಸುತ್ತೆ, ಸುತ್ತ ಮಾಸಲು ಉಂಗುರಗಳು. ಇದನ್ನ 1835ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ, ಅದಕ್ಕೇ ಏರಿ ಡಿಸ್ಕ್ ಅಂತಾರೆ. ಅದರ ಅಗಲ ಸಿಗೋಕೆ 2.44ನ್ನ ಬೆಳಕಿನ ಅಲೆಯುದ್ದದಿಂದ ಗುಣಿಸಿ, ಮತ್ತೆ ಎಫ್ ನಂಬರಿಂದ ಗುಣಿಸಿ. ಹಸಿರು ಬೆಳಕು 550 ನ್ಯಾನೋಮೀಟರ್ ಅಂತ ಹಿಡಿದ್ರೆ ಎಫ್/4ಕ್ಕೆ ಸುಮಾರು 5.4 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿ.ಮೀ.ನ ಸಾವಿರದ ಒಂದು ಭಾಗ), ಎಫ್/8ಕ್ಕೆ 10.7, ಎಫ್/16ಕ್ಕೆ 21.5, ಎಫ್/22ಕ್ಕೆ 29.5. ಲೆನ್ಸ್ ಯಾವ ಕಂಪನಿದಾದ್ರೂ, ಎಷ್ಟು ದುಡ್ಡಿಂದಾದ್ರೂ ಈ ಲೆಕ್ಕದಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ.

24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ (ಹಳೇ 35 ಮಿ.ಮೀ. ಫಿಲ್ಮ್‌ನ ಫ್ರೇಮ್‌ನಷ್ಟು ದೊಡ್ಡ) ಸೆನ್ಸರಲ್ಲಿ 36 ಮಿ.ಮೀ. ಅಗಲಕ್ಕೆ 6000 ಪಿಕ್ಸೆಲ್, ಅಂದ್ರೆ ಒಂದೊಂದೂ 6 ಮೈಕ್ರಾನ್. ಎಫ್/8ರ ತಟ್ಟೆ 10.7 ಅಂದ್ರೆ ಆಗ್ಲೇ ಪಿಕ್ಸೆಲ್‌ಗಿಂತ ದೊಡ್ಡದಾಯ್ತಲ್ಲ ಅಂತ ಗಾಬರಿ ಆಗ್ಬೇಡಿ. ಆ ತಟ್ಟೆಯಲ್ಲಿ ಬೆಳಕು ಸಮನಾಗಿ ಹರಡಿರಲ್ಲ, ನಡುವೆ ಗುಡ್ಡೆ ಆಗಿರುತ್ತೆ, ಗುಡ್ಡೆಯ ಅರ್ಧ ಎತ್ತರದಲ್ಲಿ ಅಳೆದ್ರೆ ಅಗಲ ಎಫ್/8ಕ್ಕೆ ನಾಲ್ಕೂವರೆ ಮೈಕ್ರಾನ್ ಅಷ್ಟೇ. ಅದಕ್ಕೇ ಎಫ್/8ರಲ್ಲಿ ಡಿಫ್ರಾಕ್ಷನ್ ಹುಡುಕಿದ್ರೂ ಕಾಣೋದು ಕಷ್ಟ, ಎಫ್/11ಕ್ಕೆ ನೂರು ಪರ್ಸೆಂಟಲ್ಲಿ ನೋಡಿದ್ರೆ ಸ್ವಲ್ಪ ಮೆತ್ತಗಾಗಿದೆ ಅನ್ಸುತ್ತೆ, ಎಫ್/16ಕ್ಕೆ ಯಾರು ನೋಡಿದ್ರೂ ಗೊತ್ತಾಗುತ್ತೆ. ಎಫ್/22ಕ್ಕೆ ಬಂದಾಗ ಲೆನ್ಸ್ ಒಂದು ಮಿ.ಮೀ.ಗೆ ಸುಮಾರು 83 ಜೋಡಿ ಗೆರೆಗಿಂತ ಸಣ್ಣ ವಿವರ ಯಾವುದನ್ನೂ ದಾಟಿಸಲ್ಲ, ಈ ಸೆನ್ಸರ್ ಹಿಡಿಯಬಲ್ಲ ಅತಿ ಸಣ್ಣ ವಿವರನೂ ಸರಿಯಾಗಿ ಅಷ್ಟೇ, 83. ಅಂದ್ರೆ ಅತಿ ಸಣ್ಣ ವಿವರದ ಕಾಂಟ್ರಾಸ್ಟ್ ಅಲ್ಲಿಗೆ ಸೊನ್ನೆ. ಅದಕ್ಕಿಂತ ದಪ್ಪ ವಿವರ ಉಳಿದಿರುತ್ತೆ, ಕಾಂಟ್ರಾಸ್ಟ್ ಮಾತ್ರ ಕಮ್ಮಿ ಆಗಿರುತ್ತೆ, ಅದನ್ನ ಶಾರ್ಪನಿಂಗ್ ಮಾಡಿ ಎತ್ತಬಹುದು. ಡಿಫ್ರಾಕ್ಷನ್ ಫ್ರೇಮ್ ತುಂಬ ಒಂದೇ ಥರ ಹರಡಿರೋದ್ರಿಂದ ಸಾಫ್ಟ್‌ವೇರ್‌ಗೆ ಅದನ್ನ ಸರಿಪಡಿಸೋದು ಮೂಲೆ ದೋಷಗಳಿಗಿಂತ ಸುಲಭ. ಸೊನ್ನೆ ಆಗಿರೋದನ್ನ ಮಾತ್ರ ಯಾವ ಸಾಫ್ಟ್‌ವೇರೂ ತರಲ್ಲ.

ಇಲ್ಲಿ ಒಬ್ರು ಕೇಳಿದ್ರು, ಹಾಗಾದ್ರೆ 45 ಮೆಗಾಪಿಕ್ಸೆಲ್ ಕ್ಯಾಮೆರಾ ತಗೊಂಡ್ರೆ ಡಿಫ್ರಾಕ್ಷನ್ ಜಾಸ್ತಿ ಆಗುತ್ತಾ ಅಂತ. ಇದು ತುಂಬ ಜನಕ್ಕಿರೋ ಅನುಮಾನ. ಇಲ್ಲ, ಆಗಲ್ಲ. ತಟ್ಟೆಯ ಅಗಲಕ್ಕೂ ಪಿಕ್ಸೆಲ್‌ಗೂ ಸಂಬಂಧನೇ ಇಲ್ಲ, ಲೆಕ್ಕದಲ್ಲಿ ಪಿಕ್ಸೆಲ್ ಎಲ್ಲೂ ಬರ್ಲಿಲ್ಲ ನೋಡಿ. ಪಿಕ್ಸೆಲ್ ಸಣ್ಣದಾದಾಗ ನಾವು ನೂರು ಪರ್ಸೆಂಟ್‌ಗೆ ಹಿಗ್ಗಿಸಿ ನೋಡೋದು ಇನ್ನೂ ಹತ್ತಿರದಿಂದ ನೋಡಿದ ಹಾಗೆ, ಅದಕ್ಕೆ ಮಸುಕು ಬೇಗ ಕಾಣುತ್ತೆ. ಒಂದೇ ಸೈಜಿಗೆ ಪ್ರಿಂಟ್ ಹಾಕಿ ಪಕ್ಕಪಕ್ಕ ಇಟ್ರೆ ಎಫ್/16ರಲ್ಲೂ 45ರದು 24ರದಕ್ಕಿಂತ ಕೆಟ್ಟದಾಗಿರೋಕೆ ಸಾಧ್ಯ ಇಲ್ಲ.

ನಿಜವಾಗ್ಲೂ ಲೆಕ್ಕಕ್ಕೆ ಬರೋದು ಸೆನ್ಸರ್ ಎಷ್ಟು ದೊಡ್ಡದು, ಅಂದ್ರೆ ಕೊನೆಗೆ ನೋಡೋ ಚಿತ್ರಕ್ಕೆ ಅದನ್ನ ಎಷ್ಟು ಪಟ್ಟು ಹಿಗ್ಗಿಸ್ತೀವಿ ಅನ್ನೋದು. ಮೈಕ್ರೋ ಫೋರ್ ಥರ್ಡ್ಸ್ ಅನ್ನೋ ಚಿಕ್ಕ ಸೆನ್ಸರ್‌ನ ಉದ್ದಗಲ ಫುಲ್ ಫ್ರೇಮ್‌ನ ಸುಮಾರು ಅರ್ಧ, ಆದ್ರಿಂದ ಎರಡು ಪಟ್ಟು ಜಾಸ್ತಿ ಹಿಗ್ಗಿಸ್ಬೇಕು, ಹಾಗಾಗಿ ಅದರ ಎಫ್/8 ಡಿಫ್ರಾಕ್ಷನ್ ವಿಷಯದಲ್ಲಿ ಫುಲ್ ಫ್ರೇಮ್‌ನ ಎಫ್/16 ಇದ್ದ ಹಾಗೆ. ಎಪಿಎಸ್-ಸಿ (ಇವೆರಡರ ನಡುವಿನ ಸೈಜಿನ ಸೆನ್ಸರ್) ಕ್ಯಾಮೆರಾ ಇರೋರಿಗೆ ಒಂದು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಫೋನ್ ಕ್ಯಾಮೆರಾಗಳಲ್ಲಿ ಪಿಕ್ಸೆಲ್ ಒಂದು ಮೈಕ್ರಾನ್ ಆಸುಪಾಸು, ಅಪರ್ಚರ್ ಸಾಮಾನ್ಯವಾಗಿ ಎಫ್/1.8 ಹತ್ತಿರ ಫಿಕ್ಸ್ ಆಗಿರುತ್ತೆ, ಅದನ್ನ ಎಫ್/8ಕ್ಕೆ ಇಳಿಸೋ ಸೌಲಭ್ಯ ಕೊಟ್ರೆ ಚಿತ್ರ ಕಲಸಿಹೋಗುತ್ತೆ. ಇನ್ನೊಂದು ತುದಿ ನೋಡಿ. 1932ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಇವರೆಲ್ಲ ಸೇರಿ ಶಾರ್ಪ್ ಫೋಟೋಗ್ರಫಿಗೋಸ್ಕರನೇ ಒಂದು ಗುಂಪು ಕಟ್ಟಿದ್ರು, ಅದಕ್ಕೆ ಇಟ್ಟ ಹೆಸರು ಗ್ರೂಪ್ ಎಫ್/64! ಎಫ್/64ಕ್ಕೆ ತಟ್ಟೆ 86 ಮೈಕ್ರಾನ್, ನಮ್ಮ ಕ್ಯಾಮೆರಾದಲ್ಲಿ ಅದು ಬರೀ ಮಸುಕು. ಆದ್ರೆ ಅಂಥ ಅಪರ್ಚರ್ ಇಡ್ತಿದ್ದ ದೊಡ್ಡ ಕ್ಯಾಮೆರಾಗಳ ಫಿಲ್ಮ್ 8 ಇಂಚು 10 ಇಂಚು ಇರೋದು, ಹಿಗ್ಗಿಸ್ದೇ ಅದೇ ಸೈಜಿಗೆ ಪ್ರಿಂಟ್ ಹಾಕೋರು. ಪ್ರಿಂಟ್ ಮೇಲೆ 86 ಮೈಕ್ರಾನ್ ಅಂದ್ರೆ ಒಂದು ಮಿ.ಮೀ.ನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ, ಕಣ್ಣಿಗೆ ಅದು ಕೊರೆದ ಹಾಗೇ ಕಾಣುತ್ತೆ.

ಈಗ ಡೆಪ್ತ್ ಆಫ್ ಫೀಲ್ಡ್, ಅಂದ್ರೆ ಫೋಕಸ್ ಇಟ್ಟ ಜಾಗದ ಹಿಂದೆ ಮುಂದೆ ಎಷ್ಟು ಆಳ ಶಾರ್ಪ್ ಆಗಿ ಕಾಣುತ್ತೆ ಅನ್ನೋದು. ನನ್ನ ಪ್ರಕಾರ ಅಪರ್ಚರ್ ಆಯ್ಕೆ ಮಾಡುವಾಗ ಹತ್ತರಲ್ಲಿ ಎಂಟು ಸಲ ಇದೇ ಮುಖ್ಯ, ಡಿಫ್ರಾಕ್ಷನ್ನೂ ಅಲ್ಲ ಲೆನ್ಸ್ ದೋಷನೂ ಅಲ್ಲ. ಫುಲ್ ಫ್ರೇಮಲ್ಲಿ 85 ಮಿ.ಮೀ. ಲೆನ್ಸ್, ಎರಡು ಮೀಟರ್ ದೂರದಲ್ಲಿ ಒಬ್ರು ಕೂತಿದಾರೆ, ಎಫ್/1.8 ಇಟ್ರೆ ಶಾರ್ಪ್ ಅಂತ ಒಪ್ಪಬಹುದಾದ ಆಳ ಹೆಚ್ಚುಕಮ್ಮಿ 6 ಸೆಂ.ಮೀ. ಮುಖ ಸ್ವಲ್ಪ ತಿರುಗಿದ್ರೆ ಹತ್ತಿರದ ಕಣ್ಣು ಫೋಕಸಲ್ಲಿ, ಆಚೆ ಕಣ್ಣು ಆಗ್ಲೇ ಜಾರ್ತಿರುತ್ತೆ, ಕಿವಿ ಪೂರ್ತಿ ಹೋಯ್ತು. ಎಫ್/4ಕ್ಕೆ 13 ಸೆಂ.ಮೀ. ಆಗುತ್ತೆ. ಇಲ್ಲಿ "ಲೆನ್ಸ್ ಸಾಫ್ಟು" ಅಂತ ಬೈಯೋರು ಬಹಳ ಜನ, ಅದು ಲೆನ್ಸ್ ತಪ್ಪಲ್ಲ, ಆ ಕಿವಿ ಫೋಕಸ್‌ನಲ್ಲೇ ಇರ್ಲಿಲ್ಲ.

ಲ್ಯಾಂಡ್‌ಸ್ಕೇಪ್ ತೆಗೆಯೋರು ಹೈಪರ್‌ಫೋಕಲ್ ಟೇಬಲ್ ನೋಡ್ತಾರೆ, ಎಲ್ಲಿ ಫೋಕಸ್ ಇಟ್ರೆ ಹತ್ತಿರದಿಂದ ಅನಂತದ ತನಕ ಶಾರ್ಪ್ ಅಂತ ಹೇಳೋ ಪಟ್ಟಿ ಅದು. 24 ಮಿ.ಮೀ., ಎಫ್/8, ಸುಮಾರು 2.4 ಮೀಟರ್‌ಗೆ ಫೋಕಸ್ ಇಟ್ರೆ 1.2 ಮೀಟರಿಂದ ಅನಂತದ ತನಕ ಶಾರ್ಪ್ ಅಂತ ಟೇಬಲ್ ಹೇಳುತ್ತೆ. ಇದನ್ನ ನಂಬಿ ತೆಗೆದು ಮನೇಲಿ ನೋಡಿದ್ರೆ ದೂರದ ಬೆಟ್ಟ ಮೆತ್ತಗೆ. ಯಾಕಂದ್ರೆ ಆ ಟೇಬಲ್ 0.03 ಮಿ.ಮೀ. ಮಸುಕನ್ನ ಶಾರ್ಪ್ ಅಂತ ಒಪ್ಕೊಂಡು ಮಾಡಿರೋದು, ಚಿಕ್ಕ ಪ್ರಿಂಟ್ ಕೈಯಲ್ಲಿ ಹಿಡಿದು ನೋಡೋರಿಗೆ. 0.03 ಮಿ.ಮೀ. ಅಂದ್ರೆ 30 ಮೈಕ್ರಾನ್, 24 ಮೆಗಾಪಿಕ್ಸೆಲಲ್ಲಿ ಐದು ಪಿಕ್ಸೆಲ್ ಅಗಲ! ಎಫ್/22ರ ಏರಿ ತಟ್ಟೆಯಷ್ಟೇ ದೊಡ್ಡದು. ಎಫ್/11ಕ್ಕೆ ಹೋದ್ರೆ ಡಿಫ್ರಾಕ್ಷನ್ ಬರುತ್ತೆ ಅಂತ ಹೆದರಿ ಎಫ್/8ರಲ್ಲೇ ಕೂತ್ಕೊಂಡು, ಅದಕ್ಕಿಂತ ಎಷ್ಟೋ ದೊಡ್ಡ ಫೋಕಸ್ ಮಸುಕನ್ನ ಬೆಟ್ಟದ ಮೇಲೆ ಒಪ್ಕೊಂಡ ಹಾಗಾಯ್ತು ಇದು. ಹತ್ತಿರದ ಕಲ್ಲೂ ಬೇಕು ದೂರದ ಬೆಟ್ಟನೂ ಬೇಕು ಅಂದಾಗ ಟೇಬಲ್ ಹೇಳಿದ್ದಕ್ಕಿಂತ ದೂರಕ್ಕೆ ಫೋಕಸ್ ಇಡಿ, ಎಫ್/11 ಇಡಿ, ಬೇಕಾದ್ರೆ ಎಫ್/16ಕ್ಕೂ ಧೈರ್ಯವಾಗಿ ಹೋಗಿ. ಒಂದಿಷ್ಟು ಡಿಫ್ರಾಕ್ಷನ್‌ನ ಶಾರ್ಪನಿಂಗಲ್ಲಿ ಎತ್ತಬಹುದು, ಫೋಕಸ್ ತಪ್ಪಿದ ಕಲ್ಲನ್ನ ಎತ್ತೋದು ಬಲು ಕಷ್ಟ. ಟ್ರೈಪಾಡ್ ಇದ್ದು ಗಾಳಿ ಇಲ್ದಿದ್ರೆ ಎಫ್/8ರಲ್ಲೇ ಎರಡು ಮೂರು ಫೋಕಸ್ ಇಟ್ಟು ತೆಗೆದು ಆಮೇಲೆ ಸ್ಟ್ಯಾಕ್ ಮಾಡೋದು, ಅಂದ್ರೆ ಶಾರ್ಪ್ ಭಾಗಗಳನ್ನ ಸಾಫ್ಟ್‌ವೇರಲ್ಲಿ ಸೇರಿಸಿ ಒಂದೇ ಚಿತ್ರ ಮಾಡೋದು, ಇನ್ನೂ ಒಳ್ಳೇದು.

ಮ್ಯಾಕ್ರೋ, ಅಂದ್ರೆ ಪುಟ್ಟ ವಸ್ತುಗಳನ್ನ ತೀರಾ ಹತ್ತಿರದಿಂದ ತೆಗೆಯೋದು, ಮಾಡೋರಿಗೆ ಎರಡೂ ಕಡೆಯಿಂದ ಹೊಡ್ತ. 1:1ರಲ್ಲಿ, ಅಂದ್ರೆ ವಸ್ತು ಸೆನ್ಸರ್ ಮೇಲೆ ಅದರ ನಿಜವಾದ ಸೈಜಲ್ಲೇ ಮೂಡುವಾಗ, ಎಫ್/8 ಇಟ್ರೆ ಶಾರ್ಪ್ ಇರೋ ಆಳ ಹತ್ತತ್ರ ಒಂದೇ ಮಿ.ಮೀ., ಒಂದು ಜೇಡದ ಕಣ್ಣಿಂದ ಅದರ ಕಾಲಿನ ತನಕ ಕೂಡ ಸಾಲಲ್ಲ. ಮುಚ್ಚೋಣ ಅಂದ್ರೆ, ಅಷ್ಟು ಹತ್ತಿರ ಹೋದಾಗ ಪರಿಣಾಮದಲ್ಲಿ ಎಫ್ ನಂಬರ್ ಸುಮಾರು ಎರಡು ಪಟ್ಟು ಆಗಿರುತ್ತೆ, ಡಯಲ್ ಮೇಲೆ ಎಫ್/11 ಇದ್ರೂ ಡಿಫ್ರಾಕ್ಷನ್ ಎಫ್/22ರದು. ಮ್ಯಾಕ್ರೋದಲ್ಲಿ ಫೋಕಸ್ ಸ್ಟ್ಯಾಕಿಂಗ್ ಇಷ್ಟೊಂದು ಬಳಕೆಗೆ ಬಂದಿರೋದು ಇದ್ರಿಂದ್ಲೇ.

ಕೈ ಅಲುಗೋದನ್ನ ಮರೀಬೇಡಿ. ಎಫ್/4ರಲ್ಲಿ 1/250 ಸೆಕೆಂಡ್ ಸಿಗ್ತಿದ್ದ ಬೆಳಕಲ್ಲಿ ಎಫ್/16 ಇಟ್ರೆ ನಾಲ್ಕು ಸ್ಟಾಪ್ ಇಳಿದು 1/15ಕ್ಕೆ ಬರ್ತೀರ. ಸ್ಟೆಬಿಲೈಸೇಶನ್ ಇದ್ರೆ ನಿಮ್ಮ ಕೈ ಅಲುಗೋದು ತಪ್ಪೀತು, ಎಲೆ ಅಲ್ಲಾಡೋದು, ಮಗು ಓಡೋದು ತಪ್ಪಲ್ಲ. ಇಲ್ಲಾಂದ್ರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸ್ಬೇಕು, ಆಗ ನಾಯ್ಸ್, ಅಂದ್ರೆ ಕಾಳುಕಾಳು ಚುಕ್ಕೆ, ಕಳೆಯೋಕೆ ಹೋಗಿ ಸಣ್ಣ ವಿವರನೂ ಕಳೀತೀರ. ಸೆನ್ಸರ್ ಮೇಲೆ ಕೂತಿರೋ ಧೂಳಿನ ಚುಕ್ಕೆಗಳು ಆಕಾಶದಲ್ಲಿ ಎದ್ದು ಕಾಣೋದೂ ಹೀಗೆ ಮುಚ್ಚಿದಾಗ್ಲೇ.

ಇನ್ನೊಬ್ರು ಕಣ್ಣಿನ ಬಗ್ಗೆ ಕೇಳಿದ್ರು, ಚೆನ್ನಾಗಿತ್ತು ಪ್ರಶ್ನೆ. ಕನ್ನಡಕ ಇಲ್ದೆ ದೂರದ ಬೋರ್ಡ್ ಓದೋಕೆ ಕಣ್ಣು ಕಿರಿದು ಮಾಡ್ತೀವಲ್ಲ, ಅದೂ ಸ್ಟಾಪ್ ಡೌನ್ ಮಾಡಿದ, ಅಂದ್ರೆ ಕಿಂಡಿ ಚಿಕ್ಕದು ಮಾಡಿದ ಹಾಗೇನಾ ಅಂತ. ಹೌದು, ಅದೇ. ಕಣ್ಣಿನ ಡಾಕ್ಟ್ರು ಸಣ್ಣ ತೂತಿರೋ ತಟ್ಟೆಯಲ್ಲಿ ಓದಿಸಿ ನೋಡೋದೂ ಇದೇ ತತ್ವದ ಮೇಲೆ, ತೂತಿಂದ ನೋಡಿದಾಗ ಸ್ಪಷ್ಟ ಆದ್ರೆ ತೊಂದರೆ ನಂಬರ್‌ದು ಅಂತ ಅವರಿಗೆ ಗೊತ್ತಾಗುತ್ತೆ. ಆ ತೂತನ್ನ ಇನ್ನೂ ತೀರಾ ಸಣ್ಣ ಮಾಡಿದ್ರೆ ಡಿಫ್ರಾಕ್ಷನ್‌ನಿಂದ ಮತ್ತೆ ಮಸುಕಾಗುತ್ತೆ.

ನಿಮ್ಮ ಲೆನ್ಸ್ ಯಾವ ಅಪರ್ಚರಲ್ಲಿ ಹೇಗೆ ಅಂತ ಒಂದು ಸಂಜೆ ಕೂತು ನೀವೇ ನೋಡ್ಕೊಳ್ಳಿ, ಬೇರೆಯವರ ಚಾರ್ಟ್‌ಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತೆ. ತುಂಬ ಲೆನ್ಸ್ ಕಂಪನಿಗಳ ಎಂಟಿಎಫ್ ಚಾರ್ಟ್ (ಲೆನ್ಸ್ ಎಷ್ಟು ಶಾರ್ಪ್ ಅಂತ ತೋರಿಸೋ ಗ್ರಾಫ್) ಪೂರ್ತಿ ಓಪನ್ ಅಪರ್ಚರ್‌ಗೆ ಮಾಡಿರೋದು, ಅದ್ರಲ್ಲಿ ಎಫ್/5.6ರ ಕಥೆ ಇರೋದಿಲ್ಲ. ಸಣ್ಣ ವಿವರ ತುಂಬಿರೋ ಚಪ್ಪಟೆ ಗೋಡೆ ಅಥ್ವಾ ಒಂದಿಷ್ಟು ನ್ಯೂಸ್‌ಪೇಪರ್ ಹಾಳೆ ಸಮನಾಗಿ ಅಂಟಿಸಿ, ಕ್ಯಾಮೆರಾ ಅದಕ್ಕೆ ನೇರ ಇರ್ಲಿ, ಟ್ರೈಪಾಡ್, ಎರಡು ಸೆಕೆಂಡ್ ಟೈಮರ್, ಕಮ್ಮಿ ಐಎಸ್‌ಒ. ಲೈವ್ ವ್ಯೂ ಹಿಗ್ಗಿಸಿ ಫೋಕಸ್ ಮಾಡಿ. ಆಮೇಲೆ ಪೂರ್ತಿ ಓಪನ್‌ನಿಂದ ಎಫ್/22ರ ತನಕ ಒಂದೊಂದು ಸ್ಟಾಪಿಗೆ ಒಂದೊಂದು. ಸ್ಫೆರಿಕಲ್ ಅಬರೇಶನ್ ಉಳಿಸ್ಕೊಂಡಿರೋ ಕೆಲವು ಫಾಸ್ಟ್ (ದೊಡ್ಡ ಕಿಂಡಿಯ) ಲೆನ್ಸ್‌ಗಳಲ್ಲಿ ಮುಚ್ಚಿದ ಹಾಗೆ ಫೋಕಸ್ ಬಿಂದುನೇ ಸ್ವಲ್ಪ ಹಿಂದಕ್ಕೆ ಸರಿಯುತ್ತೆ, ಫೋಕಸ್ ಶಿಫ್ಟ್ ಅಂತಾರೆ, ಎಫ್/1.4ರಲ್ಲಿ ಫೋಕಸ್ ಮಾಡಿ ಎಫ್/2.8ರಲ್ಲಿ ತೆಗೆದ್ರೆ ಕೆಲವೊಮ್ಮೆ ಸುಧಾರಿಸೋ ಬದ್ಲು ಕೆಡುತ್ತೆ. ಅಂಥ ಲೆನ್ಸಾದ್ರೆ ಆಯಾ ಅಪರ್ಚರಲ್ಲೇ ಫೋಕಸ್ ಮಾಡ್ಕೊಳ್ಳಿ.

ಚಿತ್ರಗಳನ್ನ ನೋಡುವಾಗ ನಡುಭಾಗ ಒಂದು ಸಲ, ನಾಲ್ಕೂ ಮೂಲೆ ಒಂದು ಸಲ. ನಾಲ್ಕು ಮೂಲೆನೂ ಒಂದೇ ಥರ ಮೆತ್ತಗಿದ್ದು ಎಫ್/8ಕ್ಕೆ ಸರಿ ಹೋದ್ರೆ ಲೆನ್ಸ್ ಡಿಸೈನೇ ಹಾಗೆ, ಅದರ ಜೊತೆ ಹೊಂದ್ಕೊಂಡು ಕೆಲಸ ಮಾಡಿ. ಮೂರು ಮೂಲೆ ಚೆನ್ನಾಗಿದ್ದು ಒಂದೇ ಮೂಲೆ ಮಾತ್ರ ಮಸುಕಿದ್ರೆ ಮೊದ್ಲು ಕ್ಯಾಮೆರಾ ಗೋಡೆಗೆ ನೇರ ಇತ್ತಾ ಅಂತ ನೋಡಿ, ಕ್ಯಾಮೆರಾ ತಲೆಕೆಳಗೆ ಮಾಡಿ ಇನ್ನೊಂದು ಸಲ ತೆಗೀರಿ. ಆಗ್ಲೂ ಫ್ರೇಮ್‌ನ ಅದೇ ಮೂಲೆ ಮಸುಕಿದ್ರೆ ಒಳಗಿನ ಯಾವುದೋ ಗಾಜು ಸ್ವಲ್ಪ ಓರೆ ಆಗಿದೆ ಅಂತ ಅರ್ಥ. ಎಫ್/11ಕ್ಕೆ ಮುಚ್ಚಿದ್ರೆ ಆ ದೋಷ ಬಹುಮಟ್ಟಿಗೆ ಮರೆಯಾಗುತ್ತೆ, ಆದ್ರೆ ಹೊಸ ಲೆನ್ಸ್ ಆಗಿದ್ರೆ ಹಾಗೆ ಮುಚ್ಚಿಟ್ಕೊಂಡು ಬಳಸ್ಬೇಡಿ, ವಾರಂಟಿ ಇರುವಾಗ್ಲೇ ಆ ಚಿತ್ರಗಳ ಸಮೇತ ತಗೊಂಡು ಹೋಗಿ ಸರಿ ಮಾಡಿಸಿ ಅಥ್ವಾ ಬದಲಾಯಿಸ್ಕೊಳ್ಳಿ.